ಫಾರಿನ್ ಗೆಳತಿಗೆ ‘ಒರಿಜಿನಲ್’ ಸೀರೆ ಉಡಿಸೋದು ಹೇಗೆ?

ಓದುಗರ ಪ್ರಶ್ನೆ: ಮೇಡಂ, ನನ್ನ ತಂಗಿ ಮದುವೆಗೆ ನಮ್ಮ ಆಫೀಸಿನ ಜರ್ಮನ್ ಹುಡುಗಿ ಬರ್ತಿದಾಳೆ. ಸೀರೆ ಉಡಬೇಕು ಅಂತ ಅವಳಿಗೆ ಭಾರೀ ಆಸೆ, ಆದ್ರೆ ‘ಐದು ಸಾವಿರ ವರ್ಷದಿಂದ ನೀವು ಉಡ್ತಿರೋ ಒರಿಜಿನಲ್ ರೀತೀಲೇ ಉಡಿಸು, ಮಾಡರ್ನ್ ಬೇಡ’ ಅಂತಾಳೆ. ನಾವು ಮಾಮೂಲಾಗಿ ಉಡೋದೇ ಒರಿಜಿನಲ್ ಅಲ್ವಾ?

ಉತ್ತರ: ಮದುವೆ ಸೀಸನ್ ಬಂತಂದ್ರೆ ಈ ಪ್ರಶ್ನೆ ಬಂದೇ ಬರುತ್ತೆ. ಒಬ್ಬರಿಗೆ ಜರ್ಮನಿ ಗೆಳತಿ, ಇನ್ನೊಬ್ಬರಿಗೆ ಅಮೆರಿಕದಿಂದ ಬರೋ ಸೊಸೆ, ಪ್ರಶ್ನೆ ಮಾತ್ರ ಅದೇ. ಸೀರೆ ಉಡಿಸೋ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ಆಯ್ತು, ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ, ಆದ್ರೂ ಈ ಸಲ ಪೂರ್ತಿ ಬಿಡಿಸಿ ಹೇಳ್ತೀನಿ, ದಯವಿಟ್ಟು ಕೊನೇವರೆಗೂ ಓದಿ.

ಮೊದಲು ಉಡಿಸೋ ವಿಷಯ ಮುಗಿಸಿಬಿಡೋಣ. ಧಾರಾಳವಾಗಿ ಉಡಿಸಿ. ಆರು ಗಜದ ಕಾಟನ್ ತಗೊಳ್ಳಿ, ಇಲ್ಲಾ ಇಳಕಲ್ ತಗೊಳ್ಳಿ, ಮೈಸೂರು ಸಿಲ್ಕ್ ಎಷ್ಟೇ ಚಂದ ಇದ್ರೂ ಮೊದಲ ಸಲ ಉಡೋರಿಗೆ ಜಾರುತ್ತೆ. ಲಂಗದ ಲಾಡಿ ಬಿಗಿಯಾಗಿ ಕಟ್ಟಿ, ಯಾಕಂದ್ರೆ ಸೀರೆ ಪೂರ್ತಿ ಭಾರ ಬೀಳೋದು ಅದರ ಮೇಲೇನೇ. ಚಪ್ಪಲಿ ಮೊದಲು ಹಾಕಿಸಿ ಆಮೇಲೆ ನಿರಿಗೆ ಹಿಡೀರಿ, ಇಲ್ಲಾಂದ್ರೆ ಹೀಲ್ಸ್ ಹಾಕಿದ ಮೇಲೆ ಸೀರೆ ಪಾದದಿಂದ ಮೇಲೆ ಎದ್ದು ನಿಲ್ಲುತ್ತೆ. ಇಷ್ಟೇ.

ಈಗ ಆ ‘ಐದು ಸಾವಿರ ವರ್ಷ’. ಇದನ್ನ ಫಾರಿನರ್ಸ್ ಕಂಡುಹಿಡಿದಿದ್ದಲ್ಲ, ನಾವೇ ಅವರಿಗೆ ಹೇಳಿಕೊಟ್ಟಿದ್ದು. ಏರ್‌ಪೋರ್ಟಿಂದ ಮನೆಗೆ ಬರೋ ದಾರೀಲೇ ಶುರುಮಾಡ್ತೀವಿ, ನಮ್ಮ ಸೀರೆ ಹಿಂಗೇ ಇದೆ, ಒಂದು ಚೂರೂ ಬದಲಾಗಿಲ್ಲ ಅಂತ. ಅವರು ಊರಿಗೆ ವಾಪಸ್ ಹೋಗಿ ಅದನ್ನೇ ಬರೀತಾರೆ, ನಾವು ಅದನ್ನ ಓದಿ ‘ನೋಡಿ, ಫಾರಿನ್ನವರೇ ಒಪ್ಪಿದಾರೆ’ ಅಂತೀವಿ.

ಸರಿ, ನೀವು ಮಾಮೂಲಾಗಿ ಉಡೋದು ಅಂದ್ರಲ್ಲ, ಅದನ್ನ ಒಂದೊಂದಾಗಿ ಬಿಚ್ಚಿ ನೋಡೋಣ. ಒಳಗೆ ಲಾಡಿ ಲಂಗ, ಮೇಲೆ ಬ್ಲೌಸು, ನಿರಿಗೆ ಮುಂದೆ ಹೊಕ್ಕುಳ ಹತ್ರ, ಸೆರಗು ಎಡ ಹೆಗಲ ಮೇಲೆ, ಅಲ್ಲೊಂದು ಸೇಫ್ಟಿ ಪಿನ್. ಈ ಪಿನ್ನು ಅಮೆರಿಕದ ವಾಲ್ಟರ್ ಹಂಟ್ ಅನ್ನೋರು 1849ರಲ್ಲಿ ಪೇಟೆಂಟ್ ಮಾಡಿಸಿದ್ದು. ಬ್ಲೌಸಿಗೆ ನಮ್ಮ ಹಿರಿಯರು ಜಂಪರು ಅಂತಿದ್ರು, ಅದು ಇಂಗ್ಲಿಷಿನ ಜಂಪರ್ರೇ. ಇನ್ನು ಈ ಪೂರ್ತಿ ಸೆಟ್ಟು, ಅಂದ್ರೆ ಲಂಗ, ಬ್ಲೌಸು, ಎಡಕ್ಕೆ ಸೆರಗು, ಇದನ್ನ ಹೊರಗಡೆ ಓಡಾಡೋ ಹೆಂಗಸರ ಉಡುಪಾಗಿ ಬಳಕೆಗೆ ತಂದವರಲ್ಲಿ ದೊಡ್ಡ ಹೆಸರು ಜ್ಞಾನದಾನಂದಿನಿ ದೇವಿ ಅವರದ್ದು. ಮೊದಲ ಭಾರತೀಯ ಐಸಿಎಸ್ ಅಧಿಕಾರಿ ಸತ್ಯೇಂದ್ರನಾಥ ಟಾಗೋರರ ಹೆಂಡತಿ. 1860ರ ದಶಕದಲ್ಲಿ ಗಂಡನ ಜೊತೆ ಬಾಂಬೆಗೆ ಹೋದಾಗ ಅಲ್ಲಿನ ಪಾರ್ಸಿ ಹೆಂಗಸರು ಉಡೋದನ್ನ ನೋಡಿ ಕಲಿತು, ಅವರು ಬಲ ಹೆಗಲಿಗೆ ತರ್ತಿದ್ದ ಸೆರಗನ್ನ ಎಡಕ್ಕೆ ತಂದು, ಕೆಲಸಕ್ಕೆ ಬಲಗೈ ಖಾಲಿ ಇರೋ ಹಾಗೆ ಮಾಡ್ಕೊಂಡ್ರು. ಬಂಗಾಳದಲ್ಲಿ ಅದು ಬ್ರಹ್ಮಿಕಾ ಸೀರೆ ಅಂತ ಹೆಸರಾಯ್ತು. ಅಂದ್ರೆ ನಿಮ್ಮ ಗೆಳತಿ ಬೇಡ ಅಂತಿರೋ ‘ಮಾಡರ್ನ್’ ಇದೇ ನೋಡಿ, ನಾವು ಒರಿಜಿನಲ್ ಅಂತ ಕೊಡೋಕೆ ಹೊರಟಿರೋದೂ ಇದನ್ನೇ!

ಹಂಗಾದ್ರೆ ಸಿಂಧೂ ಕಣಿವೆಯ ಶಿಲ್ಪ? ಇದನ್ನೂ ಪ್ರತಿ ಸಲ ಕೇಳ್ತಾರೆ. ಮೊಹೆಂಜೊದಾರೋದಲ್ಲಿ ಸಿಕ್ಕಿದ ಆ ಪ್ರಸಿದ್ಧ ಮೂರ್ತಿ ಇದೆಯಲ್ಲ, ಎಡ ಹೆಗಲ ಮೇಲೆ ಚಿತ್ತಾರದ ವಸ್ತ್ರ, ಬಲ ಹೆಗಲು ಬರಿದು, ಅದನ್ನ ತೋರಿಸಿ ಇದೇ ಮೊದಲ ಸೀರೆ ಅಂತಾರೆ. ಸ್ವಾಮಿ, ಆ ಮೂರ್ತಿಗೆ ಗಡ್ಡ ಇದೆ. ಅದು ಗಂಡಸಿನ ಮೂರ್ತಿ, ಹೊದ್ದಿರೋದು ಶಾಲು. ಅಲ್ಲೇ ಸಿಕ್ಕಿರೋ ಹೆಣ್ಣು ಬೊಂಬೆಗಳು ಎಷ್ಟೋ ಇವೆ, ಅವುಗಳ ಸೊಂಟದಲ್ಲಿ ಗಿಡ್ಡ ತುಂಡು ಬಟ್ಟೆ ಇದೆ ಅಷ್ಟೇ. ಹತ್ತಿ ಬಟ್ಟೆಯ ಚೂರು ಮೊಹೆಂಜೊದಾರೋದಲ್ಲಿ ಸಿಕ್ಕಿದೆ, ಅದು ನಿಜ, ಅದಕ್ಕೆ ಹೆಮ್ಮೆ ಪಡಿ, ನಾನೂ ಪಡ್ತೀನಿ. ಹತ್ತಿ ನೇಯ್ಗೆ ಅಷ್ಟು ಹಳೇದು. ನಿರಿಗೆ ಹಿಡಿದು ಎಡಕ್ಕೆ ಸೆರಗು ಹಾಕೋದು ಅಷ್ಟು ಹಳೇದಲ್ಲ. ಎರಡನ್ನೂ ಸೇರಿಸಿ ಒಂದೇ ಗಂಟು ಹಾಕಬೇಡಿ.

ಮತ್ತೆ ಲಕ್ಷ್ಮಿ ಸರಸ್ವತಿಯೆಲ್ಲ ಸೀರೆ ಉಟ್ಟಿರ್ತಾರಲ್ಲ ಅಂದ್ರೆ, ಆ ಕ್ಯಾಲೆಂಡರ್ ಚಿತ್ರಗಳ ಮೂಲ ಹುಡುಕಿ. ರಾಜಾ ರವಿವರ್ಮ ಬಾಂಬೆ ಹತ್ರ 1894ರಲ್ಲಿ ಪ್ರೆಸ್ ಶುರುಮಾಡಿ ದೇವರ ಚಿತ್ರಗಳನ್ನ ಕಲರಲ್ಲಿ ಅಚ್ಚು ಹಾಕಿಸಿದ್ರು, ಅವು ಮನೆಮನೆ ಗೋಡೆ ಮೇಲೆ, ದೇವರ ಕೋಣೆಗೆ ಬಂದು ಕೂತ್ವು. ಆವಾಗಿಂದ ನಮ್ಮ ಕಣ್ಣಿಗೆ ದೇವಿ ಅಂದ್ರೆ ಹಾಗೇ. ಬಾದಾಮಿಗೆ ಹೋಗಿ ಮೂರನೇ ಗುಹೆ ನೋಡಿ, 578ರ ಶಾಸನ ಇರೋ ಗುಹೆ, ಅಲ್ಲಿನ ಕಂಬದ ಮೇಲಿರೋ ಹೆಣ್ಣುಗಳ ಮೇಲೆ ಒಡವೆ ಇದೆ, ಸೊಂಟದಿಂದ ಕೆಳಗೆ ವಸ್ತ್ರ ಇದೆ, ನಮ್ಮ ಈಗಿನ ಸೀರೆ ಇಲ್ಲ. ಶಿಲ್ಪದಲ್ಲಿ ಇದ್ದ ಹಾಗೇ ಬೀದೀಲೂ ಓಡಾಡ್ತಿದ್ರು ಅಂತ ನಾನು ಹೇಳ್ತಿಲ್ಲ, ಶಿಲ್ಪಿಗೆ ಅವನದೇ ಲೆಕ್ಕ ಇರುತ್ತೆ. ಆದ್ರೆ ‘ಹಿಂಗೇ ಇತ್ತು’ ಅನ್ನೋದಕ್ಕೆ ಅಲ್ಲಿ ಸಾಕ್ಷಿ ಸಿಗಲ್ಲ.

ಹೊರಗಿಂದ ಬಂದು ಬರೆದಿಟ್ಟವರನ್ನೂ ಕೇಳೋಣ, ನಿಮ್ಮ ಪ್ರಶ್ನೆ ಇರೋದೇ ಫಾರಿನರ್ ಬಗ್ಗೆ ತಾನೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸಿನ ಡೊಮಿಂಗೊ ಪೇಸ್ ಮಹಾನವಮಿ ನೋಡಿ ಬರೀತಾನೆ, ಅರಮನೆ ಹೆಂಗಸರು ಹೊತ್ತ ಒಡವೆ ಎಷ್ಟು ಭಾರ ಅಂದ್ರೆ ಪಕ್ಕದಲ್ಲಿ ಬೇರೆ ಹೆಂಗಸರು ಅವರ ತೋಳು ಹಿಡಿದು ನಡೆಸಬೇಕಿತ್ತು, ತಲೆ ಮೇಲೆ ಮುತ್ತಿನ ಹೂವಿನ ಎತ್ತರದ ಕುಲಾವಿ ಬೇರೆ. ಟೋಪಿ ಹಾಕ್ಕೊಂಡ ವಿಜಯನಗರದ ಹೆಂಗಸು ನಮ್ಮ ಯಾವ ಸೀರಿಯಲ್ಲಲ್ಲಿ ಬರ್ತಾಳೆ ಹೇಳಿ?

ನೂರು ವರ್ಷ ಆದ್ಮೇಲೆ 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ನಮ್ಮ ಕರಾವಳಿಗೆ ಬಂದ. ಉಳ್ಳಾಲದ ರಾಣಿ ಅಬ್ಬಕ್ಕ ನಡೆದುಕೊಂಡು ಬರ್ತಿದ್ದಾಗಲೇ ಅವರನ್ನ ಕಂಡ. ರಾಣಿ ಬರಿಗಾಲಲ್ಲಿದ್ರು. ಸೊಂಟಕ್ಕೆ ಸುತ್ತಿದ ದಪ್ಪನೆ ಬಿಳಿ ಹತ್ತಿ ಬಟ್ಟೆ, ಮೇಲೆ ತಲೆಗೆ ಕಟ್ಟಿ ಹೆಗಲು ಎದೆ ಮೇಲೆ ಇಳಿಬಿಟ್ಟ ಇನ್ನೊಂದು ವಸ್ತ್ರ, ಅಷ್ಟೇ. ನೋಡಿದ ಕೂಡಲೇ ಅಡುಗೆಯವಳ ಹಾಗೆ, ಬಟ್ಟೆ ಒಗೆಯೋಳ ಹಾಗೆ ಕಾಣ್ತಾಳಲ್ಲ ಅಂದ್ಕೊಂಡ. ಸ್ಪೇನಿನ ರಾಜನ ಸೈನ್ಯವನ್ನ (ಆಗ ಪೋರ್ಚುಗೀಸರೂ ಅವನ ಕೈಕೆಳಗೇ ಇದ್ರು) ಸೋಲಿಸಿದ್ದು ಇವಳೇನಾ ಅಂತ ಅವನಿಗೆ ಆಶ್ಚರ್ಯ. ರಾಣಿ ಮಾತಾಡೋಕೆ ಶುರುಮಾಡಿದ ಮೇಲೆ ಅವನಿಗೆ ರಾಣಿತನ ಕಂಡಿತು. ಇದನ್ನ ಓದಿದಾಗೆಲ್ಲ ನನಗೆ ಸಿಟ್ಟೂ ಬರುತ್ತೆ, ಖುಷಿನೂ ಆಗುತ್ತೆ. ಉಟ್ಟಿದ್ದನ್ನ ನೋಡಿ ಅಳೆದ, ಮಾತು ಕೇಳಿ ತಿದ್ದಿಕೊಂಡ, ಎರಡನ್ನೂ ಮುಚ್ಚಿಡದೆ ಬರೆದ.

ಅದು ಹಳೇ ಕಾಲ ಬಿಡಿ ಅಂತೀರಾ. 2021ರ ನವೆಂಬರಲ್ಲಿ ಅಂಕೋಲಾ ಕಡೆಯ ತುಳಸಿ ಗೌಡ ಅವರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಂಡ್ರಲ್ಲ, ಆ ಫೋಟೋ ನೆನಪು ಮಾಡ್ಕೊಳ್ಳಿ. ಬರಿಗಾಲು, ಹಾಲಕ್ಕಿ ಒಕ್ಕಲಿಗರ ಕಟ್ಟು, ಬ್ಲೌಸಿಲ್ಲ, ಕೊರಳ ತುಂಬ ಮಣಿಸರ. ಅದು ಕರ್ನಾಟಕದ ಸೀರೆನೇ. ನಿಮ್ಮ ಗೆಳತಿ ‘ಒರಿಜಿನಲ್’ ಅಂತ ಹುಡುಕ್ತಿರೋದು ಏನಾದ್ರೂ ಇದ್ರೆ ಅದಕ್ಕೆ ಇದು ಎಷ್ಟೋ ಹತ್ರ. ಆದ್ರೆ ಅದು ಹಾಲಕ್ಕಿ ಹೆಂಗಸರ ಗುರುತು, ಮದುವೆ ಮನೇಲಿ ಫೋಟೋಗೆ ಅಂತ ಕಟ್ಟಿಸೋ ವೇಷ ಅಲ್ಲ, ಅದನ್ನೂ ಅವಳಿಗೆ ಹೇಳಿ.

ಕೊಡಗಿಗೆ ಹೋಗಿ, ನಿರಿಗೆ ಬೆನ್ನ ಕಡೆ, ಸೆರಗು ಎಡಗೈ ಕೆಳಗಿಂದ ಬಂದು ಬಲ ಹೆಗಲಲ್ಲಿ ನಿಲ್ಲುತ್ತೆ. ಕಾವೇರಿ ನೀರಿನ ರಭಸಕ್ಕೆ ನಿರಿಗೆ ಹಿಂದಕ್ಕೆ ಹೋಯ್ತು ಅಂತ ಅಲ್ಲಿ ಕತೆ ಹೇಳ್ತಾರೆ. ನಮ್ಮ ಬಾಗಲಕೋಟೆ ಕಡೆ ಆಯಿ, ಅಂದ್ರೆ ನನ್ನ ಅಜ್ಜಿ, ಉಡ್ತಿದ್ದದ್ದು ಒಂಬತ್ತು ಗಜದ ಸೀರೆ, ಕಚ್ಚಿ ಹಾಕಿ. ಲಂಗ ಇಲ್ಲ, ಪಿನ್ ಇಲ್ಲ, ಫಾಲ್ಸ್ ಅನ್ನೋ ಪದಾನೇ ಅವಳಿಗೆ ಗೊತ್ತಿರಲಿಲ್ಲ. ಬೆಳಗಿನ ಜಾವ ಕತ್ತಲಲ್ಲೇ ಎದ್ದು ಕನ್ನಡಿ ಇಲ್ಲದೆ ಉಡ್ತಿದ್ಲು, ಸೊಂಟದಲ್ಲಿ ಒಂದು ಗಂಟು, ಕಾಲ ನಡುವಿಂದ ಹಿಂದಕ್ಕೆ ಒಂದು ಎಳೆತ, ಬೆನ್ನಲ್ಲಿ ಒಂದು ಸಿಕ್ಕಿಸೋದು, ಮುಗೀತು. ಹೊಲದಲ್ಲಿ ಬಗ್ಗಿ ಎದ್ದು ದಿನವಿಡೀ ಕಳೆ ತೆಗೆದ್ರೂ ಅಲ್ಲಾಡ್ತಿರಲಿಲ್ಲ. ಸೀರೆ ಉಟ್ಕೊಂಡು ಕೆಲಸ ಮಾಡೋದು ಕಷ್ಟ ಅಲ್ವಾ ಅಂತ ಫಾರಿನ್ನವರು ಕೇಳ್ತಾರೆ, ನಾವು ಉಡೋ ಥರದಲ್ಲಿ ಕಷ್ಟಾನೇ, ಆಯಿ ಉಡೋ ಥರದಲ್ಲಿ ಇರಲಿಲ್ಲ. ನನಗೆ ಬೇಜಾರಾಗೋದು ಇಲ್ಲೇ. ಷಾಂತಾಲ್ ಬುಲಾಂಜೆ ಅನ್ನೋ ಫ್ರೆಂಚ್ ಮಾನವಶಾಸ್ತ್ರಜ್ಞೆ ಊರೂರು ಸುತ್ತಿ ಹಳ್ಳಿ ಹೆಂಗಸರ ಹತ್ರ ಕೂತು ಹತ್ತಾರು ಥರ ಉಡೋದನ್ನ ಹೆಜ್ಜೆ ಹೆಜ್ಜೆ ಕಲಿತು ಚಿತ್ರ ಸಮೇತ 1997ರಲ್ಲಿ ಪ್ರಕಟ ಮಾಡಿದ್ರು. ನಾನು ನನ್ನ ಆಯಿ ಹತ್ರ ಕೂತು ಒಂದು ಥರ ಕಲಿಯೋಕೆ ಮೂವತ್ತು ವರ್ಷ ತಗೊಂಡೆ, ಅಷ್ಟೊತ್ತಿಗೆ ಆಯಿ ಕೈ ನಡುಗ್ತಿತ್ತು.

ಇದನ್ನ ಕೇಳಿ ಕೆಲವರು ಪೂರ್ತಿ ಆ ಕಡೆಗೆ ವಾಲ್ತಾರೆ, ಹಂಗಾದ್ರೆ ಹೊಲಿದ ಬಟ್ಟೇನೇ ಬ್ರಿಟಿಷರು ಕೊಟ್ಟಿದ್ದು ಅಂತ. ಅದೂ ಸುಳ್ಳು. ಕುಪ್ಪಸ, ಕಂಚುಕ ಇವೆಲ್ಲ ಹಳೇ ಪದಗಳು, ಗುಳೇದಗುಡ್ಡದ ಖಣ ನೇಯೋದೇ ಕುಬಸಕ್ಕೆ. ಕನ್ನಡದಲ್ಲೇ ಸಾಕ್ಷಿ ಇದೆ ನೋಡಿ: ಸೀರೆ ಉಡ್ತೀವಿ, ಕುಪ್ಪಸ ತೊಡ್ತೀವಿ, ಹೂ ಮುಡೀತೀವಿ. ಇಂಗ್ಲಿಷಲ್ಲಿ ಎಲ್ಲಕ್ಕೂ ಒಂದೇ ವೇರ್. ಸುತ್ತೋದಕ್ಕೊಂದು ಮಾತು, ಮೈಗೆ ಹಾಕೋದಕ್ಕೊಂದು ಮಾತು ಇಟ್ಕೊಂಡು ಉಡುಗೆತೊಡುಗೆ ಅಂತ ಜೋಡಿ ಮಾಡಿದ ಜನಕ್ಕೆ ಹೊಲಿಗೆ ಗೊತ್ತಿರಲಿಲ್ಲ ಅಂತ ಹೇಗೆ ಹೇಳ್ತೀರಿ. ಸೀರೆ ಅನ್ನೋ ಪದ ಕೂಡ ಬರೀ ಹೆಂಗಸರದ್ದಲ್ಲ, ಋಷಿಗಳು ಉಡೋದಕ್ಕೂ ನಾರುಸೀರೆ ಅಂತಾನೇ ಅಂದಿದ್ದು.

ಮೈಸೂರು ಸಿಲ್ಕ್ ಬಗ್ಗೇನೂ ಒಂದು ಮಾತು. ಅದರಷ್ಟು ನಮ್ಮದು ಅನ್ನಿಸೋ ಸೀರೆ ಇನ್ನೊಂದಿಲ್ಲ, ಆದ್ರೆ ಮೈಸೂರಿನ ಆ ಕಾರ್ಖಾನೆ ಮಹಾರಾಜರು ಶುರುಮಾಡಿದ್ದು 1912ರಲ್ಲಿ, ಮಗ್ಗ ತರಿಸಿದ್ದು ಸ್ವಿಟ್ಜರ್ಲೆಂಡಿಂದ. ಅದಕ್ಕೆ ಅದರ ಮರ್ಯಾದೆ ಏನಾದ್ರೂ ಕಮ್ಮಿ ಆಯ್ತಾ? ಹೊಸದು ಅಂದ ಮಾತ್ರಕ್ಕೆ ನಮ್ಮದಲ್ಲ ಅಂತ ಆಗಲ್ಲ. ಹಾಗಾಗಿ ಜರ್ಮನ್ ಗೆಳತಿಗೆ ನಾವು ಮಾಮೂಲಾಗಿ ಉಡೋ ಥರಾನೇ ಉಡಿಸಿ, ‘ಇದು ನನ್ನ ಅಜ್ಜಿಯ ಅಜ್ಜಿ ಉಡ್ತಿದ್ದ ರೀತಿ ಅಲ್ಲ, ನನ್ನ ಅಮ್ಮ ಉಡೋ ರೀತಿ’ ಅಂತ ಹೇಳಿ ಸಾಕು.

ಇನ್ನು ನೀವು ಕೇಳಿಲ್ಲ, ಆದ್ರೂ ಇಳಕಲ್ ಅಂದೆನಲ್ಲ, ಹೇಳದೆ ಇರೋಕಾಗಲ್ಲ. ಹೋದ ವರ್ಷ ನನ್ನ ಹತ್ರ ಒಬ್ಬ ಫಾರಿನ್ ಹುಡುಗಿ ಬಂದಿದ್ಲು, ಬಟ್ಟೆ ನೇಯೋದು ಓದಿದವಳು. ಇಳಕಲ್ ಬಿಡಿಸಿ ಕೊಟ್ಟೆ. ಎಲ್ಲರೂ ಸೆರಗಿನ ಕೆಂಪು ಬಿಳಿ ತೆನೆ ನೋಡಿ ಚಂದ ಅಂತಾರೆ, ಇವಳು ಸೀರೆ ಒಡಲು ಮುಗಿದು ಸೆರಗು ಶುರುವಾಗೋ ಕಡೆ ಉಗುರಲ್ಲಿ ಮೆಲ್ಲಗೆ ಸವರಿ ಸುಮ್ಮನೆ ಕೂತಳು. ಹೊಲಿಗೆ ಎಲ್ಲಿ ಅಂತ ಕೇಳಿದ್ಲು. ಹೊಲಿಗೆ ಇಲ್ಲ, ಕೊಂಡಿ. ಹಾಸು ಅಂದ್ರೆ ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟೋ ನೂಲು. ಒಡಲಿನ ಹಾಸು ಬೇರೆ, ಹತ್ತೀದು, ಸೆರಗಿನ ಹಾಸು ಬೇರೆ, ರೇಷ್ಮೇದು. ನೇಯೋಕೆ ಮುಂಚೆ ಒಂದರ ಎಳೆಗೆ ಇನ್ನೊಂದರ ಎಳೆ ಬಾಗಿಸಿ ಸಿಕ್ಕಿಸ್ತಾರೆ, ಎರಡು ಕೈ ಬೆರಳು ಕೊಕ್ಕೆ ಮಾಡಿ ಹಿಡ್ಕೊಂಡ ಹಾಗೆ, ಅಗಲಕ್ಕೂ ಒಂದೊಂದೇ ಎಳೆ. ಬೇರೆ ಸೀರೆಗಳಲ್ಲಿ ಉದ್ದ ಹಾಸು ಹಾಕಿ ಒಂದರ ಹಿಂದೆ ಒಂದು ನೇಯಬಹುದು, ಇದರಲ್ಲಿ ಪ್ರತಿ ಸೀರೆಗೂ ಹಾಸು ಹೊಸದಾಗಿ ಕೂಡಿಸಬೇಕು. ಆ ಹುಡುಗಿ ಅರ್ಧ ಗಂಟೆ ಆ ಒಂದು ಗೆರೆ ನೋಡ್ಕೊಂಡು ಕೂತಿದ್ಲು, ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಬೆಳಕಿಗೆ ಹಿಡಿದು. ಅದೇ ಸೀರೇನ ನಾನು ಎಷ್ಟು ಮದುಮಕ್ಕಳಿಗೆ ಉಡಿಸಿದೀನಿ, ಒಬ್ಬರೂ ಆ ಗೆರೆ ಕೇಳಿರಲಿಲ್ಲ.

ನೀವು ಇಳಕಲ್ ತಗೊಳ್ಳೋಕೆ ಹೋದಾಗ ಸೆರಗಿನ ಬುಡ ತಿರುವಿ ಬೆರಳಾಡಿಸಿ ನೋಡಿ. ಕೊಂಡಿ ಇದ್ರೆ ಸಣ್ಣಗೆ ಕೈಗೆ ಹತ್ತುತ್ತೆ. ನುಣ್ಣಗೆ ಜಾರಿ ಹೋದ್ರೆ ಅಂಗಡಿಯವರು ಇಳಕಲ್ ಅಂತ ಎಷ್ಟೇ ಆಣೆ ಮಾಡಿದ್ರೂ ಮಡಚಿ ವಾಪಸ್ ಕೊಡಿ.