ರ‍್ಯಾಂಕ್ ಆಮೇಲೆ, ಮೊದಲು ಇಂಡೆಕ್ಸ್: ಎಸ್‌ಇಒ ಕಲಿಯುವವರಿಗೆ ಟಿಪ್ಪಣಿ

ತುಮಕೂರು, ಗುಬ್ಬಿ, ತಿಪಟೂರು ಕಡೆಯ ಅಂಗಡಿಗಳಿಗೆ ಸೈಟು ಮಾಡಿಕೊಡುತ್ತಾ ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಸೈಟು ಕಾಣುವಂತೆ ಮಾಡುವ ಕೆಲಸ) ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಪಾಠಗಳೆಲ್ಲ ಕೀವರ್ಡ್‌ನಿಂದ, ಅಂದರೆ ಜನ ಹುಡುಕುವ ಪದದಿಂದ, ಶುರುವಾಗುತ್ತವೆ. ಕನ್ನಡ ಸೈಟುಗಳು ಎಡವುವುದು ಅದಕ್ಕೂ ಮುಂಚೆಯೇ: ಪುಟವನ್ನು ಗೂಗಲ್ ಓದಿರುವುದೇ ಇಲ್ಲ, ಅಥವಾ ಓದಿದರೂ ಅದರಲ್ಲಿ ಕನ್ನಡ ಸಿಕ್ಕಿರುವುದಿಲ್ಲ. ಉದಾಹರಣೆಗೆ ತಿಪಟೂರಿನಲ್ಲಿ ಒಂದು ಕೊಬ್ಬರಿ ಮಂಡಿಯ ಸೈಟು ಇದೆ ಎಂದುಕೊಳ್ಳಿ. ಇವತ್ತಿನ ದರ, ಉಂಡೆ ಕೊಬ್ಬರಿ, ಹಳೆಯ ದರಪಟ್ಟಿ, ಸಂಪರ್ಕ ಅಂತ ನಾಲ್ಕು ಪುಟ.

ಮೂರು ಹಂತ

ಕ್ರಾಲ್ ಎಂದರೆ ಗೂಗಲ್‌ಬಾಟ್ (ಪುಟಗಳನ್ನು ಓದುತ್ತಾ ತಿರುಗುವ ಗೂಗಲ್‌ನ ಪ್ರೋಗ್ರಾಮ್) ಬಂದು ಪುಟವನ್ನು ತೆಗೆದುಕೊಂಡು ಹೋಗುವುದು. ಇಂಡೆಕ್ಸ್ ಎಂದರೆ ಅದನ್ನು ಅರ್ಥಮಾಡಿಕೊಂಡು ಸಂಗ್ರಹದಲ್ಲಿ ಇಟ್ಟುಕೊಳ್ಳುವುದು. ಯಾರಾದರೂ ಹುಡುಕಿದಾಗ ಆ ಸಂಗ್ರಹದಿಂದ ಆರಿಸಿ ಸಾಲಾಗಿ ತೋರಿಸುವುದು ರ‍್ಯಾಂಕಿಂಗ್. ಯಾವ ಹಂತದಲ್ಲಿ ನಿಂತಿದೆ ಎಂದು ತಿಳಿಯಲು ಸೈಟಿನವರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್ ಸಾಕು. ವಿಳಾಸ ಅಂಟಿಸಿದರೆ ಪುಟ ಇಂಡೆಕ್ಸ್‌ನಲ್ಲಿ ಇದೆಯೋ ಇಲ್ಲವೋ, ಇಲ್ಲದಿದ್ದರೆ ಯಾಕೆ ಎಂದು ಹೇಳುತ್ತದೆ. ಗೂಗಲ್‌ನಲ್ಲೇ ‘ಸೈಟ್’, ಕೋಲನ್, ಡೊಮೇನ್ ಹೆಸರು ಸೇರಿಸಿ ಹುಡುಕುವುದು ಅಂದಾಜಿಗೆ ಮಾತ್ರ. ಅಲ್ಲಿ ಪುಟ ಕಾಣಲಿಲ್ಲವೆಂದು ಗಾಬರಿಯಾಗಬೇಕಿಲ್ಲ.

ರೋಬೋಟ್ಸ್ ಫೈಲು ಮತ್ತು ನೋಇಂಡೆಕ್ಸ್

ಕಲಿಯುವವರು ಹೆಚ್ಚು ಗೊಂದಲಪಡುವ ಜಾಗ ಇದು. ಅದಕ್ಕೇ ಸ್ವಲ್ಪ ಉದ್ದ.

ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂದರೆ ಬಾಟ್‌ಗಳು ಎಲ್ಲಿಗೆ ಹೋಗಬಾರದು ಎಂದು ಹೇಳಲು ಸೈಟಿನಲ್ಲಿ ಇಡುವ ಫೈಲು; 1994ರಿಂದ ಬಳಕೆಯಲ್ಲಿರುವ ಒಪ್ಪಂದ. 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಅಧಿಕೃತ ರೂಪ ಪಡೆಯಿತು. ಅದರಲ್ಲಿ ‘ಡಿಸ್‌ಅಲೋ’ ಎಂದು ಬರೆದರೆ ಬಾಟ್ ಆ ಪುಟವನ್ನು ತೆರೆಯಬಾರದು ಎಂದಷ್ಟೇ ಅರ್ಥ. ಹುಡುಕಾಟದಲ್ಲಿ ತೋರಿಸಬಾರದು ಎಂದು ಅದು ಹೇಳುವುದಿಲ್ಲ. ತೋರಿಸಬೇಡ ಎನ್ನುವುದಕ್ಕೆ ಬೇರೆ ಸೂಚನೆ ಇದೆ: ಪುಟದ ಹೆಡ್ ಭಾಗದಲ್ಲಿ ಹಾಕುವ ನೋಇಂಡೆಕ್ಸ್ ಮೆಟಾ ಟ್ಯಾಗ್.

ಈಗ ಮಂಡಿಯವರು ಹಳೆಯ ದರಪಟ್ಟಿ ಗೂಗಲ್‌ನಲ್ಲಿ ಬರಬಾರದು ಎನ್ನುತ್ತಾರೆ. ‘ಎರಡೂ ಹಾಕಿದರೆ ಗಟ್ಟಿ’ ಎಂದು ಡಿಸ್‌ಅಲೋ, ನೋಇಂಡೆಕ್ಸ್ ಎರಡನ್ನೂ ಹಾಕಿದರೆ ಪುಟ ಹೋಗುವುದೇ ಇಲ್ಲ. ನೋಇಂಡೆಕ್ಸ್ ಇರುವುದು ಪುಟದ ಒಳಗೆ. ಅದನ್ನು ಓದಬೇಕಾದರೆ ಬಾಟ್ ಪುಟ ತೆರೆಯಬೇಕು. ತೆರೆಯಬೇಡ ಎಂದು ಡಿಸ್‌ಅಲೋ ತಡೆದಿದೆ. ಕಾಂಪೌಂಡ್ ಗೇಟಿಗೆ ಬೀಗ ಜಡಿದು, ನಡುಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ಹಾಗೆ. ದೆವ್ವ ಒಳಗೆ ಬಂದು ಓದಿದರೆ ತಾನೇ ವಾಪಸ್ ಹೋಗುವುದು? ಬೇರೆ ಯಾವುದೋ ಸೈಟಿನಿಂದ ಆ ವಿಳಾಸಕ್ಕೆ ಲಿಂಕ್ ಇದ್ದರೆ ಗೂಗಲ್ ವಿಳಾಸವನ್ನಷ್ಟೇ ಇಂಡೆಕ್ಸ್ ಮಾಡಿ, ವಿವರಣೆ ಇಲ್ಲದೆ ತೋರಿಸಬಹುದು. ಸರ್ಚ್ ಕನ್ಸೋಲ್‌ನಲ್ಲಿ ‘ಇಂಡೆಕ್ಸ್ಡ್, ದೋ ಬ್ಲಾಕ್ಡ್ ಬೈ ರೋಬೋಟ್ಸ್’ ಎಂಬ ಎಚ್ಚರಿಕೆ ಕಂಡರೆ ಆಗಿರುವುದು ಇದೇ.

ಸರಿಪಡಿಸುವ ಕ್ರಮ ಹೀಗೆ. ಮೊದಲು ಡಿಸ್‌ಅಲೋ ಸಾಲು ತೆಗೆಯಿರಿ. ಗೂಗಲ್ ರೋಬೋಟ್ಸ್ ಫೈಲಿನ ಪ್ರತಿಯನ್ನು ಸಾಮಾನ್ಯವಾಗಿ 24 ಗಂಟೆಯವರೆಗೆ ಇಟ್ಟುಕೊಂಡಿರುತ್ತದೆ, ಆದ್ದರಿಂದ ತಕ್ಷಣ ಬದಲಾವಣೆ ಕಾಣದು. ಪುಟದಲ್ಲಿ ನೋಇಂಡೆಕ್ಸ್ ಇರುವುದನ್ನು ಇನ್‌ಸ್ಪೆಕ್ಷನ್‌ನ ಲೈವ್ ಟೆಸ್ಟ್‌ನಲ್ಲಿ ಖಚಿತಪಡಿಸಿಕೊಳ್ಳಿ. ಬಾಟ್ ಮತ್ತೆ ಬಂದು ಹೋದ ಮೇಲೆ ಸ್ಥಿತಿ ‘ಎಕ್ಸ್‌ಕ್ಲೂಡೆಡ್ ಬೈ ನೋಇಂಡೆಕ್ಸ್’ ಆಗುತ್ತದೆ. ಆದ ಮೇಲೂ ಡಿಸ್‌ಅಲೋ ವಾಪಸ್ ಹಾಕಬೇಡಿ. ಅವಸರವಿದ್ದರೆ ರಿಮೂವಲ್ಸ್ ಟೂಲ್ ಇದೆ, ಆದರೆ ಅದು ಸುಮಾರು 6 ತಿಂಗಳು ಮರೆಮಾಡುತ್ತದೆ ಅಷ್ಟೇ. ಗುಟ್ಟಾಗಿ ಇರಬೇಕಾದ ಪುಟಕ್ಕೆ ಇದ್ಯಾವುದೂ ಸಾಲದು, ಪಾಸ್‌ವರ್ಡ್ ಹಾಕಿ. ರೋಬೋಟ್ಸ್ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು. ಅಲ್ಲಿ ಬರೆದರೆ ಗುಟ್ಟಿನ ವಿಳಾಸವನ್ನು ನೀವೇ ತೋರಿಸಿಕೊಟ್ಟಂತೆ.

ಹಳೆಯ ಪಾಠಗಳಲ್ಲಿ ರೋಬೋಟ್ಸ್ ಫೈಲಿನ ಒಳಗೇ ನೋಇಂಡೆಕ್ಸ್ ಸಾಲು ಬರೆಯಲು ಹೇಳಿರುತ್ತಾರೆ. ಗೂಗಲ್ ಅದನ್ನು 2019ರ ಸೆಪ್ಟೆಂಬರ್ 1ರಿಂದ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಪಿಡಿಎಫ್‌ಗೆ ಮೆಟಾ ಟ್ಯಾಗ್ ಹಾಕಲಾಗದು, ಅದಕ್ಕೆ ಸರ್ವರ್‌ನಿಂದ ‘ಎಕ್ಸ್-ರೋಬೋಟ್ಸ್-ಟ್ಯಾಗ್’ ಹೆಡರ್ ಕಳಿಸಬೇಕು.

ಫೈಲಿನಲ್ಲಿ ಎಡವುವ ಜಾಗ ಇನ್ನೆರಡಿವೆ. ‘ಡಿಸ್‌ಅಲೋ:’ ಎಂದು ಬರೆದು ಮುಂದೆ ಖಾಲಿ ಬಿಟ್ಟರೆ ಎಲ್ಲಕ್ಕೂ ಅನುಮತಿ. ಮುಂದೆ ಒಂದು ‘/’ ಬಿದ್ದರೆ ಇಡೀ ಸೈಟು ಬಂದ್. ಟೆಸ್ಟಿಂಗ್ ಸೈಟಿನ ಫೈಲನ್ನು ಹಾಗೇ ಲೈವ್‌ಗೆ ಕಾಪಿ ಮಾಡಿದಾಗ ಆಗುವುದು ಇದೇ. ಎರಡನೆಯದು, ಹೋಲಿಕೆ ನಡೆಯುವುದು ವಿಳಾಸದ ಆರಂಭದಿಂದ. ‘/ದರ’ ಎಂದು ಬರೆದರೆ ‘/ದರ’, ‘/ದರಪಟ್ಟಿ’, ‘/ದರ-2023’ ಮೂರೂ ನಿಲ್ಲುತ್ತವೆ. ಫೋಲ್ಡರ್ ಒಂದನ್ನೇ ತಡೆಯಬೇಕಿದ್ದರೆ ಕೊನೆಯಲ್ಲೂ ಸ್ಲಾಶ್ ಹಾಕಿ: ‘/ದರ/’.

ವರ್ಡ್‌ಪ್ರೆಸ್‌ನವರು ಸೆಟ್ಟಿಂಗ್ಸ್, ರೀಡಿಂಗ್‌ಗೆ ಹೋಗಿ ‘ಡಿಸ್ಕರೇಜ್ ಸರ್ಚ್ ಇಂಜಿನ್ಸ್’ ಟಿಕ್ ನೋಡಿಕೊಳ್ಳಿ. 2019ರ 5.3 ಆವೃತ್ತಿಯಿಂದ ಆ ಟಿಕ್ ಹಾಕುವುದು ನೋಇಂಡೆಕ್ಸ್ ಅನ್ನು. ಸೈಟು ಕಟ್ಟುವಾಗ ಹಾಕಿ, ಉದ್ಘಾಟನೆಯ ದಿನ ತೆಗೆಯಲು ಮರೆಯುವುದು ಬಲು ಸಾಮಾನ್ಯ.

ಕಣ್ಣಿಗೆ ಕನ್ನಡ, ಗೂಗಲ್‌ಗೆ ಕಸ

ಇಂಗ್ಲಿಷ್ ಪಾಠಗಳಲ್ಲಿ ಈ ಭಾಗ ಇರುವುದೇ ಇಲ್ಲ. ನಮ್ಮ ಕಡೆ ಡಿಟಿಪಿ ಅಂಗಡಿಯಿಂದ ಬರುವ ದರಪಟ್ಟಿ, ಕರಪತ್ರ, ಸಂಘದ ವರದಿಗಳಲ್ಲಿ ಬಹಳಷ್ಟು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿರುತ್ತವೆ. ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಆ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅವಕ್ಕೆ ಕನ್ನಡದ ಆಕಾರ ಕೊಡುವುದು ಫಾಂಟು. ‘ಕನ್ನಡ’ ಎಂದು ಕಾಣುವ ಪದದ ಒಳಗೆ ಪಿ ಅಕ್ಷರ, ಒತ್ತುಗೆರೆಯ ಎ, ಪೌಂಡ್ ಚಿಹ್ನೆ ಎಲ್ಲ ಇರುತ್ತವೆ. ಗೂಗಲ್ ಫಾಂಟನ್ನು ನೋಡುವುದಿಲ್ಲ, ಒಳಗಿನ ಅಕ್ಷರವನ್ನು ನೋಡುತ್ತದೆ. ‘ಉಂಡೆ ಕೊಬ್ಬರಿ’ ಎಂದು ಹುಡುಕಿದವರಿಗೆ ಆ ಪುಟ ಎಂದಿಗೂ ಸಿಗದು.

ಪರೀಕ್ಷೆ ಸುಲಭ. ಪುಟದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ಕನ್ನಡವಾಗೇ ಬಂದರೆ ಯೂನಿಕೋಡ್. ಗೊಜಲು ಬಂದರೆ ಕನ್ವರ್ಟರ್‌ಗೆ ಹಾಕಿ ಬದಲಿಸಬೇಕು. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೆಲ್ಲ ಕಣ್ಣಿಟ್ಟು ನೋಡಿ: ಮಾರ್ಕೆಟ್, ದರ್ಜೆ, ವರ್ಷ, ಕಾರ್ಯದರ್ಶಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತಿನ ಗುರುತು ಅಕ್ಷರದ ಹಿಂದೆ ಕೂರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಕನ್ವರ್ಟರ್‌ಗಳು ಮುಗ್ಗರಿಸುವುದು ಈ ಅದಲುಬದಲಿನಲ್ಲೇ.

ಇನ್ನೊಂದು ಕಣ್ಣುಕಟ್ಟು, ಸೊನ್ನೆ ಮತ್ತು ಅನುಸ್ವಾರ. ‘ಅಂಗಡಿ’ಯನ್ನು ‘ಅ೦ಗಡಿ’ ಎಂದು ಕನ್ನಡದ ಸೊನ್ನೆ ಬಳಸಿ ಟೈಪ್ ಮಾಡಿರುವ ಪುಟಗಳು ಬೇಕಾದಷ್ಟಿವೆ. ಕಣ್ಣಿಗೆ ಎರಡೂ ಒಂದೇ, ಕೋಡ್ ಬೇರೆ. ಫೈಂಡ್-ರಿಪ್ಲೇಸ್‌ನಲ್ಲಿ ಕಣ್ಣುಮುಚ್ಚಿ ಎಲ್ಲವನ್ನೂ ಬದಲಿಸಿದರೆ ‘೨೦೨೪’ ಕೆಟ್ಟುಹೋಗುತ್ತದೆ. ಅಕ್ಷರದ ಪಕ್ಕದ ಸೊನ್ನೆ ಮಾತ್ರ ಬದಲಿಸಿ, ಅಂಕಿಗಳ ನಡುವಿನದನ್ನು ಬಿಡಿ.

ದರಪಟ್ಟಿಯನ್ನು ಫೋಟೋ ಮಾಡಿ ಹಾಕುವುದೂ ಇದೇ ಜಾತಿಯ ತೊಂದರೆ. ಟೇಬಲ್ ಆಗಿ ಟೈಪ್ ಮಾಡಿ. ಫೋಟೋ ಬೇಕೇ ಬೇಕೆಂದರೆ ಆಲ್ಟ್ ಪಠ್ಯದಲ್ಲಿ (ಚಿತ್ರದ ಜೊತೆ ಕೋಡ್‌ನಲ್ಲಿ ಬರೆಯುವ ವಿವರಣೆ) ಅದೇನೆಂದು ಕನ್ನಡದಲ್ಲಿ ಬರೆಯಿರಿ.

ಜನ ಹುಡುಕುವ ಮಾತು

ಮಂಡಿಯವರು ‘ಉತ್ಕೃಷ್ಟ ಗುಣಮಟ್ಟದ ನಾರಿಕೇಳ ಉತ್ಪನ್ನಗಳು’ ಎಂದು ಬರೆಸುತ್ತಾರೆ. ಹುಡುಕುವವರು ‘ತಿಪಟೂರು ಕೊಬ್ಬರಿ ರೇಟ್ ಇವತ್ತು’ ಎನ್ನುತ್ತಾರೆ. ಶೀರ್ಷಿಕೆಯಲ್ಲಿ ಎರಡನೆಯದೇ ಇರಲಿ. ಪ್ರತಿ ಪುಟಕ್ಕೂ ಬೇರೆ ಟೈಟಲ್ ಬೇಕು, ಮುಖ್ಯ ಪದ ಮುಂದೆ ಬರಬೇಕು; ಉದ್ದವಾದರೆ ಫೋನಿನಲ್ಲಿ ಬಾಲ ಕತ್ತರಿಸಿಹೋಗುತ್ತದೆ. ಇಂಗ್ಲಿಷ್ ಪುಟವಿದ್ದರೆ ಊರಿನ ಹೆಸರಿನ ಎರಡೂ ಕಾಗುಣಿತ ಗಮನದಲ್ಲಿರಲಿ. 2014ರ ನವೆಂಬರ್ 1ರಿಂದ ‘ತುಮಕೂರು’ ಅಧಿಕೃತವಾದರೂ ಹಳೆಯ ‘ತುಮ್ಕೂರ್’ ರೂಪವನ್ನು ಟೈಪ್ ಮಾಡುವವರು ಇದ್ದೇ ಇದ್ದಾರೆ. ಒಂದು ಕಡೆ ಸಹಜವಾಗಿ ಬಂದರೆ ಸಾಕು, ಸಾಲುಸಾಲಾಗಿ ತುರುಕಬೇಡಿ. ಮೆಟಾ ಕೀವರ್ಡ್ಸ್ (ಕೋಡ್‌ನಲ್ಲಿ ಬರೆಯುವ ಪದಗಳ ಪಟ್ಟಿ) ತುಂಬುತ್ತಾ ಕೂರಬೇಡಿ. ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಕನ್ನಡ, ಇಂಗ್ಲಿಷ್ ಎರಡು ಆವೃತ್ತಿಗಳಿದ್ದರೆ ಬೇರೆ ಬೇರೆ ವಿಳಾಸದಲ್ಲಿಟ್ಟು ಹ್ರೆಫ್‌ಲ್ಯಾಂಗ್ (ಇದೇ ಪುಟದ ಇನ್ನೊಂದು ಭಾಷೆಯ ಆವೃತ್ತಿ ಎಲ್ಲಿದೆ ಎಂದು ಹೇಳುವ ಟ್ಯಾಗ್) ಹಾಕಿ. ಎರಡೂ ಒಂದನ್ನೊಂದು ತೋರಿಸಬೇಕು, ಒಂದೇ ಕಡೆಯಿಂದ ತೋರಿಸಿದರೆ ಲೆಕ್ಕಕ್ಕಿಲ್ಲ. ಪುಟದ ಭಾಷೆ ಯಾವುದೆಂದು ಗೂಗಲ್ ತಿಳಿಯುವುದು ಕಾಣುವ ಪಠ್ಯದಿಂದಲೇ ಹೊರತು ಕೋಡ್‌ನಲ್ಲಿ ಭಾಷೆಯನ್ನು ಬರೆಯುವ ‘ಲ್ಯಾಂಗ್’ ಗುಣಲಕ್ಷಣದಿಂದಲ್ಲ.

ಉಳಿದದ್ದು ಚುಟುಕಾಗಿ

ಸೈಟ್‌ಮ್ಯಾಪ್ (ಸೈಟಿನ ಪುಟಗಳ ವಿಳಾಸಗಳ ಪಟ್ಟಿ): ಒಂದು ಫೈಲಿನಲ್ಲಿ 50,000 ವಿಳಾಸ ಅಥವಾ 50 ಎಂಬಿ ಮಿತಿ. ನಾಲ್ಕು ಪುಟದ ಮಂಡಿಗೆ ಅದರ ಚಿಂತೆಯೇ ಬೇಡ. ನೋಇಂಡೆಕ್ಸ್ ಹಾಕಿದ ಪುಟವನ್ನು ಮಾತ್ರ ಅದರಲ್ಲಿ ಸೇರಿಸಬೇಡಿ.

ವೇಗ: ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು (ಎಲ್‌ಸಿಪಿ), ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು (ಐಎನ್‌ಪಿ), ಪುಟದ ಅಲುಗಾಟ 0.1 ಮೀರಬಾರದು (ಸಿಎಲ್‌ಎಸ್). ಚಿಕ್ಕ ಸೈಟುಗಳಲ್ಲಿ ಇದು ಕೆಡುವುದು ಹೆಚ್ಚಾಗಿ ಕ್ಯಾಮೆರಾದಿಂದ ನೇರ ತಂದು ಹಾಕಿದ ದೊಡ್ಡ ಫೋಟೋದಿಂದ.

ಅಂಗಡಿಗೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಬೇಕೇ ಬೇಕು. ಬೋರ್ಡಿನಲ್ಲಿರುವ ಹೆಸರನ್ನೇ ಕೊಡಿ, ಹೆಸರಿಗೆ ‘ತಿಪಟೂರು ನಂಬರ್ ಒನ್’ ಅಂಟಿಸಿದರೆ ಪ್ರೊಫೈಲ್ ಅಮಾನತಾಗುವ ಅಪಾಯವಿದೆ.

ವಿಳಾಸದಲ್ಲಿ ಕನ್ನಡ: ಗೂಗಲ್‌ಗೆ ಅಡ್ಡಿಯಿಲ್ಲ, ತಾಪತ್ರಯ ಹಂಚಿಕೊಳ್ಳುವಾಗ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಪ್ರತಿ ಬೈಟ್ ವಿಳಾಸದಲ್ಲಿ ‘%’ ಸೇರಿ 3 ಅಕ್ಷರವಾಗುತ್ತದೆ. ‘ಕೊಬ್ಬರಿ’ ಪದದಲ್ಲಿ ಕ, ಒ ಸ್ವರಚಿಹ್ನೆ, ಬ, ವಿರಾಮ, ಬ, ರ, ಇ ಸ್ವರಚಿಹ್ನೆ ಸೇರಿ 7 ಸಂಕೇತ. ಕಾಪಿ ಮಾಡಿದರೆ 63 ಅಕ್ಷರದ ಸರಪಳಿ. ಮೆಸೇಜಿನಲ್ಲಿ ನೋಡಿದವರು ವೈರಸ್ ಲಿಂಕ್ ಅಂದುಕೊಳ್ಳುತ್ತಾರೆ. ‘ಸ್ಟಾಕ್‌ಲಿಸ್ಟ್’ನಂಥ ಪದದ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಕೂತಿರುತ್ತದೆ, ಅದನ್ನು ಬಿಟ್ಟು ಟೈಪ್ ಮಾಡಿದವರಿಗೆ 404 (ಪುಟ ಇಲ್ಲ ಎಂಬ ಸಂದೇಶ) ಸಿಗುತ್ತದೆ. ಹಾಗಾಗಿ ವಿಳಾಸ ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿರಲಿ, ಶೀರ್ಷಿಕೆ ಮತ್ತು ಪಠ್ಯ ಕನ್ನಡದಲ್ಲಿರಲಿ. ಈಗಾಗಲೇ ಕನ್ನಡದ ವಿಳಾಸದಲ್ಲಿ ಓಡುತ್ತಿರುವ ಪುಟವನ್ನು ಈ ಒಂದೇ ಕಾರಣಕ್ಕೆ ಬದಲಿಸಬೇಡಿ. ಬದಲಿಸಲೇಬೇಕಾಗಿ ಬಂದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿ, ಕನಿಷ್ಠ ಒಂದು ವರ್ಷ ತೆಗೆಯದೆ ಬಿಡಿ.