ಮಗು ಹೇಳಿಕೊಳ್ಳಲಾರದ ಜೋಮು

ಅಂಗಿಯ ಗುಂಡಿ ಹಾಕಲು ಮಗು ಒದ್ದಾಡುತ್ತದೆ. ಹೆಬ್ಬೆರಳನ್ನು ಬಳಸುವುದೇ ಕಡಿಮೆ. ರಾತ್ರಿ ಎದ್ದು ಅಳುತ್ತದೆ, ಬೆರಳು ಕಚ್ಚಿಕೊಳ್ಳುತ್ತದೆ. ಮನೆಯವರಿಗೆ ಇದು ಹಟ ಅನ್ನಿಸಬಹುದು. ಆದರೆ ಮಣಿಕಟ್ಟಿನಲ್ಲಿ ನರ ಒತ್ತಿಹೋದಾಗಲೂ ಹೀಗೇ ಆಗುತ್ತದೆ. ಇದೇ ಕಾರ್ಪಲ್ ಟನಲ್ ಸಿಂಡ್ರೋಮ್.

ಮಣಿಕಟ್ಟಿನ ಅಂಗೈ ಬದಿಗೆ ಒಂದು ಕಿರಿದಾದ ಸುರಂಗವಿದೆ. ತಳದಲ್ಲಿ, ಅಕ್ಕಪಕ್ಕದಲ್ಲಿ ಮೂಳೆ. ಮೇಲೆ ಗಟ್ಟಿಯಾದ ಲಿಗಮೆಂಟ್ ಪಟ್ಟಿ. ಬೆರಳು ಮಡಚುವ 9 ಸ್ನಾಯುರಜ್ಜುಗಳು, ಜೊತೆಗೆ ಮೀಡಿಯನ್ ನರ, ಎಲ್ಲವೂ ಅಲ್ಲೇ ತೂರಿಕೊಂಡು ಹೋಗಬೇಕು. ಒಳಗೆ ಏನೇ ದಪ್ಪವಾದರೂ ನಲುಗುವುದು ನರ. ಹೆಬ್ಬೆರಳಿನಿಂದ ಉಂಗುರಬೆರಳಿನ ಅರ್ಧದವರೆಗೆ ಜೋಮು ಹಿಡಿಯುತ್ತದೆ. ಕಿರುಬೆರಳಿಗೆ ಬೇರೆ ನರ, ಅದು ಪಾರಾಗುತ್ತದೆ.

ದೊಡ್ಡವರಲ್ಲಿ ಇದು ಮಾಮೂಲಿ, ಮಕ್ಕಳಲ್ಲಿ ತೀರಾ ಅಪರೂಪ. ಹಾಗಾಗಿ ಮಗುವಿಗೆ ಬಂದರೆ, ಮೊಬೈಲ್ ಜಾಸ್ತಿ ಹಿಡಿದಿದ್ದಕ್ಕೆ ಅಂತ ಸುಮ್ನೆ ಬಿಟ್ಟುಬಿಡುವುದು ಅಪಾಯ. ಇದರ ಹಿಂದೆ ಹೆಚ್ಚಾಗಿ ಇರುವುದು ಮ್ಯುಕೋಪಾಲಿಸ್ಯಾಕರಿಡೋಸಿಸ್ ಗುಂಪಿನ ಆನುವಂಶಿಕ ಕಾಯಿಲೆಗಳು. ಹರ್ಲರ್, ಹಂಟರ್ ಎಂಬ ಹೆಸರಿನವು ಇದೇ ಗುಂಪಿಗೆ ಸೇರಿವೆ. ಜೀವಕೋಶದಲ್ಲಿ ಉದ್ದನೆಯ ಸಕ್ಕರೆ ಸರಪಳಿಗಳನ್ನು ಕತ್ತರಿಸುವ ಒಂದು ಕಿಣ್ವ ಕೆಲಸ ಮಾಡುವುದಿಲ್ಲ. ಕತ್ತರಿಸದೆ ಉಳಿದದ್ದು ಲಿಗಮೆಂಟಿನಲ್ಲಿ, ಸ್ನಾಯುರಜ್ಜುಗಳ ಹೊದಿಕೆಯಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಎರಡೂ ಕೈಗೆ ತೊಂದರೆ.

ಕಾಯಿಲೆ ಸೌಮ್ಯವಾಗಿದ್ದರೆ ಪತ್ತೆ ಇನ್ನೂ ಕಷ್ಟ. ಮಗು ಚುರುಕಾಗಿಯೇ ಇರುತ್ತದೆ, ಬೆರಳು ಮಾತ್ರ ಬಿಗಿ. ಸಂಧಿವಾತ ಅಂದುಕೊಳ್ಳುವುದು ಸುಲಭ. ಆದರೆ ಕೀಲು ಬಿಸಿಯಾಗಿಲ್ಲ, ಕೆಂಪಾಗಿಲ್ಲ, ಅಲ್ವಾ? ಈ ಸುಳಿವನ್ನು ಗಮನಿಸಿದ ವೈದ್ಯರು ಮೂಲ ಕಾಯಿಲೆಯನ್ನೇ ಹಿಡಿಯಬಲ್ಲರು.

ಬೇರೆ ಕಾರಣಗಳೂ ಇವೆ: ಮಣಿಕಟ್ಟಿನ ಮೂಳೆ ಮುರಿತ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯಲ್ಲಿ ಒಳಗೇ ರಕ್ತ ಸೋರುವುದು, ಹುಟ್ಟಿನಿಂದಲೇ ನರದ ಸುತ್ತ ಕೊಬ್ಬು ಬೆಳೆದಿರುವುದು. ಕೆಲವು ಮನೆತನಗಳಲ್ಲಿ ಲಿಗಮೆಂಟೇ ದಪ್ಪ.

ಲಿಗಮೆಂಟನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುವುದು ಚಿಕ್ಕ ಶಸ್ತ್ರಚಿಕಿತ್ಸೆ. ತಡವಾದರೆ ಮಾತ್ರ ಹೆಬ್ಬೆರಳ ಬುಡದ ಮಾಂಸಖಂಡ ಸೊರಗಿಬಿಡುತ್ತದೆ. ಮ್ಯುಕೋಪಾಲಿಸ್ಯಾಕರಿಡೋಸಿಸ್‌ಗೆ ಅಸ್ಥಿಮಜ್ಜೆ ಕಸಿ, ಕಿಣ್ವದ ಚಿಕಿತ್ಸೆ ಪಡೆದ ಮಕ್ಕಳಲ್ಲೂ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ಮೊದಲಿನಿಂದ ಕೈ ಹೀಗೇ ಇದ್ದರೆ, ಜೋಮು ಅನ್ನುವುದು ಮಗುವಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಮ್ಯುಕೋಪಾಲಿಸ್ಯಾಕರಿಡೋಸಿಸ್ ಇರುವ ಮಕ್ಕಳು ನೋವು ಅನ್ನದಿದ್ದರೂ, ಆಗಾಗ ನರದ ವಿದ್ಯುತ್ ಪರೀಕ್ಷೆ ಮಾಡಿಸುತ್ತಿರಬೇಕು.