ರೆಕ್ಕೆ ಬೀಸುವ ನೊಣ, ಬೀಸದ ನೊಣ

ಮಾರ್ಚಿನಲ್ಲಿ ಹೂಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ಕೊಡಗಿನ ನಾಪೋಕ್ಲಿನ ಬಳಿಯ ನಮ್ಮ ರೋಬಸ್ಟಾ ತೋಟ ಮೊಸರು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಆ ಎರಡು ಮೂರು ದಿನ ಹೂವಿನ ಪರಿಮಳ ಅಡುಗೆಮನೆಯೊಳಗೂ ತುಂಬಿರುತ್ತದೆ, ಅತ್ತಿಮರದ ನೆರಳಿನಲ್ಲಿ ಇಟ್ಟಿರುವ ತುಡುವೆ ಜೇನಿನ ಪೆಟ್ಟಿಗೆಗಳ ಬಾಗಿಲಲ್ಲಿ ಜಾತ್ರೆಯಂಥ ಓಡಾಟವಿರುತ್ತದೆ. ಅಂಥದೊಂದು ಮಧ್ಯಾಹ್ನ ಬಿಸಿಲು ಏರಿದ್ದಾಗ ನಾನು ಒಂದು ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಬಹಳ ಹೊತ್ತು ಕುಳಿತಿದ್ದೆ. ಬಾಗಿಲ ಹಲಗೆಯ ಮೇಲೆ ಏಳು ನೊಣಗಳು ಕಾಲೂರಿ ನಿಂತು, ತಲೆಯನ್ನು ಹೊರಗಡೆಗೆ ಮಾಡಿ, ರೆಕ್ಕೆ ಕಣ್ಣಿಗೆ ಕಾಣದಷ್ಟು ವೇಗವಾಗಿ ಬೀಸುತ್ತಿದ್ದವು. ಯುರೋಪಿನ ಜೇನು ತಲೆಯನ್ನು ಗೂಡಿನ ಕಡೆಗೆ ಮಾಡಿ ಒಳಗಿನ ಬಿಸಿ ಗಾಳಿಯನ್ನು ಹೊರಕ್ಕೆ ಎಳೆದುಹಾಕುತ್ತದೆ, ನಮ್ಮ ತುಡುವೆ ಹೊರಗಿನ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಒಳಗೆ ಮರಿಗಳಿರುವ ಎರಿಯನ್ನು 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಾಯಲು ಅವು ಪಡುವ ಶ್ರಮ ಇದು.

ನನ್ನನ್ನು ಅಲ್ಲಿ ಹಿಡಿದು ಕೂರಿಸಿದ್ದು ಮಾತ್ರ ಬೀಸದೆ ಇದ್ದ ನೊಣಗಳು. ಆ ಏಳರ ಪಕ್ಕದಲ್ಲೇ, ಅದೇ ಬಿಸಿಲಿನಲ್ಲಿ, ಇಪ್ಪತ್ತು ಮೂವತ್ತು ನೊಣಗಳು ಸೆಕೆಯ ಗೊಡವೆಯೇ ಇಲ್ಲದಂತೆ ಓಡಾಡಿಕೊಂಡಿದ್ದವು. ಸ್ವಲ್ಪ ಹೊತ್ತಿಗೆ ಏಳು ಹನ್ನೊಂದಾಯಿತು, ಮೋಡ ಕವಿದಾಗ ಹನ್ನೊಂದು ನಾಲ್ಕಕ್ಕೆ ಇಳಿಯಿತು. ಒಂದೇ ತಾಯಿಯ ಮಕ್ಕಳಾದರೂ ಒಂದೊಂದಕ್ಕೆ ಒಂದೊಂದು ಹೊತ್ತಿಗೆ ಸೆಕೆಯಾಗುತ್ತಿತ್ತು.

ಒಗ್ಗಟ್ಟಿನ ಮಾತು ಬಂದಾಗಲೆಲ್ಲ ನಾವು ಜೇನುಗೂಡನ್ನು ಎತ್ತಿ ತೋರಿಸುತ್ತೇವೆ. ಅಲ್ಲಿ ನನ್ನದು ಎಂಬುದಿಲ್ಲ, ಎಲ್ಲರೂ ಗೂಡಿಗಾಗಿಯೇ ದುಡಿಯುತ್ತಾರೆ, ಯಾರೂ ಎದುರಾಡುವುದಿಲ್ಲ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ವ್ಯಕ್ತಿಯನ್ನು ಅಳಿಸಿ ಸಮೂಹವನ್ನು ಮಾತ್ರ ಉಳಿಸಬೇಕೆನ್ನುವ ಆಳ್ವಿಕೆಗಳಿಗೂ ಇಂಥ ಚಿತ್ರವೇ ಪ್ರಿಯ. ‘ನೀನು ಏನೂ ಅಲ್ಲ, ನಿನ್ನ ಜನಾಂಗವೇ ಎಲ್ಲ’ ಎಂಬುದು ನಾಜಿ ಜರ್ಮನಿಯ ಘೋಷಣೆಯಾಗಿತ್ತು. ಜೇನುಗೂಡು ನಿಜಕ್ಕೂ ಹಾಗೆ ನಡೆಯುವುದೇ ಎಂದು ತಾಳ್ಮೆಯಿಂದ ನೋಡಿದವರಿಗೆ ಸಿಕ್ಕಿದ್ದು ಬೇರೆಯೇ ಉತ್ತರ.

ರಾಣಿ ನೊಣ ತನ್ನ ಆಯುಷ್ಯದ ಆರಂಭದಲ್ಲಿ ಗೂಡಿನಿಂದ ಹೊರಗೆ ಹಾರಿ, ಆಕಾಶದಲ್ಲಿಯೇ ಹತ್ತಿಪ್ಪತ್ತು ಗಂಡು ನೊಣಗಳೊಂದಿಗೆ ಕೂಡಿ ಬರುತ್ತಾಳೆ. ಹೀಗಾಗಿ ಗೂಡಿನ ಸಾವಿರಾರು ಕೆಲಸಗಾರ ನೊಣಗಳಿಗೆ ತಾಯಿ ಒಬ್ಬಳೇ ಆದರೂ ತಂದೆಯರು ಹಲವರು. ತಂದೆ ಬದಲಾದಂತೆ ಮಗಳ ಸ್ವಭಾವವೂ ಬದಲಾಗುತ್ತದೆ: ಒಬ್ಬನ ಮಕ್ಕಳು ಬಿಸಿ ಸ್ವಲ್ಪ ಏರಿದ ಕೂಡಲೇ ರೆಕ್ಕೆ ಬೀಸತೊಡಗಿದರೆ, ಇನ್ನೊಬ್ಬನ ಮಕ್ಕಳು ಮತ್ತಷ್ಟು ಏರುವವರೆಗೆ ಅತ್ತ ಗಮನವನ್ನೇ ಕೊಡುವುದಿಲ್ಲ. ಸಿಡ್ನಿ ವಿಶ್ವವಿದ್ಯಾಲಯದ ಜೂಲಿಯಾ ಜೋನ್ಸ್, ಬೆಂಜಮಿನ್ ಓಲ್ಡ್‌ರಾಯ್ಡ್ ಮತ್ತು ಸಂಗಡಿಗರು 2004ರಲ್ಲಿ, ಹಲವು ತಂದೆಯರ ಮಕ್ಕಳಿರುವ ಗೂಡುಗಳನ್ನೂ ಕೃತಕ ಗರ್ಭಧಾರಣೆಯಿಂದ ಒಬ್ಬನೇ ತಂದೆಯ ಮಕ್ಕಳಿರುವಂತೆ ಮಾಡಿದ ಗೂಡುಗಳನ್ನೂ ಹೋಲಿಸಿ ನೋಡಿದರು. ಬಗೆಬಗೆಯ ಮಕ್ಕಳಿದ್ದ ಗೂಡಿನ ಉಷ್ಣತೆ ಹೆಚ್ಚು ಸ್ಥಿರವಾಗಿತ್ತು, ಒಂದೇ ಬಗೆಯ ಮಕ್ಕಳ ಗೂಡಿನಲ್ಲಿ ಅದು ಹೆಚ್ಚು ಏರಿಳಿಯುತ್ತಿತ್ತು. ಕಾರಣ ಸರಳವಾಗಿದೆ. ಎಲ್ಲರಿಗೂ ಒಂದೇ ಡಿಗ್ರಿಗೆ ಸೆಕೆಯಾದರೆ ಎಲ್ಲರೂ ಒಟ್ಟಿಗೆ ಬೀಸುತ್ತಾರೆ, ಗೂಡು ಬೇಕಾದದ್ದಕ್ಕಿಂತ ತಣ್ಣಗಾಗುತ್ತದೆ, ಆಗ ಎಲ್ಲರೂ ಒಟ್ಟಿಗೆ ನಿಲ್ಲಿಸುತ್ತಾರೆ, ಗೂಡು ಮತ್ತೆ ಕಾಯುತ್ತದೆ. ಸೆಕೆಯ ಅಳತೆ ಒಬ್ಬೊಬ್ಬರಿಗೆ ಒಂದೊಂದಾಗಿದ್ದರೆ ಮೊದಲು ಏಳು, ಆಮೇಲೆ ಹನ್ನೊಂದು, ಮೋಡ ಬಂದಾಗ ನಾಲ್ಕು. ನಾನು ಬಾಗಿಲಲ್ಲಿ ಕಂಡದ್ದು ಇದನ್ನೇ.

1991ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗೆ ತಗುಲಿ, ಮರಿಹುಳುಗಳು ನೀರು ತುಂಬಿದ ಚೀಲಗಳಂತಾಗಿ ಸತ್ತು, ಕೊಡಗಿನ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದದ್ದನ್ನು ಇಲ್ಲಿನ ಹಿರಿಯ ಜೇನುಕೃಷಿಕರು ಇಂದಿಗೂ ನೋವಿನಿಂದ ನೆನೆಯುತ್ತಾರೆ. ಆದ್ದರಿಂದ ಅಮೆರಿಕದ ಜೇನು ಸಂಶೋಧಕರಾದ ಥಾಮಸ್ ಸೀಲಿ ಮತ್ತು ಡೇವಿಡ್ ಟಾರ್ಪಿ 2007ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದುವಾಗ ನನಗೆ ಅದು ದೂರದ ಸಂಗತಿ ಎನಿಸಲಿಲ್ಲ. ಮರಿಹುಳುಗಳನ್ನು ಕೊಲ್ಲುವ ಮತ್ತೊಂದು ರೋಗವನ್ನು ಅವರು ಎರಡೂ ಬಗೆಯ ಗೂಡುಗಳಿಗೆ ತಗುಲಿಸಿ ನೋಡಿದಾಗ, ಹಲವು ತಂದೆಯರ ಮಕ್ಕಳಿದ್ದ ಗೂಡುಗಳಲ್ಲಿ ರೋಗದ ತೀವ್ರತೆ ಕಡಿಮೆಯಿತ್ತು.

ಗೂಡಿನಲ್ಲಿ ಬಲವಂತವೇ ಇಲ್ಲವೆಂದು ಇದರ ಅರ್ಥವಲ್ಲ. ಕೆಲಸಗಾರ ನೊಣಗಳಿಗೂ ಮೊಟ್ಟೆಯಿಡುವ ಶಕ್ತಿಯಿದೆ, ಆದರೆ ಹಾಗೆ ಕದ್ದು ಇಟ್ಟ ಮೊಟ್ಟೆಗಳನ್ನು ಉಳಿದ ಕೆಲಸಗಾರರು ಹುಡುಕಿ ತಿಂದುಬಿಡುತ್ತವೆ ಎಂದು ಫ್ರಾನ್ಸಿಸ್ ರಾಟ್ನೀಕ್ಸ್ ಮತ್ತು ಕರ್ಕ್ ವಿಷರ್ 1989ರಲ್ಲಿ ತೋರಿಸಿದರು. ಮನುಷ್ಯರು ಹಾಗೆ ಬದುಕಬೇಕೆಂದು ನಾನು ಎಂದೂ ಹೇಳಲಾರೆ. ಜೇನುಗೂಡು ನಮಗೆ ಆದರ್ಶವಲ್ಲ. ಅದನ್ನು ವಿಧೇಯತೆಯ ಆದರ್ಶವೆಂದು ತೋರಿಸುವವರು ಅದರ ಒಳಗನ್ನು ನೋಡಿಲ್ಲ ಎಂಬುದಷ್ಟೇ ನನ್ನ ಮಾತು.

ಒಳಗನ್ನು ಮೊದಲು ನೋಡಿದವರ ಕಥೆಗೂ ಈ ವಿಷಯಕ್ಕೂ ಹತ್ತಿರದ ನಂಟಿದೆ. ಜೇನಿನ ಕುಣಿತದ ಭಾಷೆಯನ್ನು ಬಿಡಿಸಿ ಹೇಳಿದ ಕಾರ್ಲ್ ಫಾನ್ ಫ್ರಿಶ್ ಮ್ಯೂನಿಕ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ತಾಯಿಯ ಕಡೆಯ ಅಜ್ಜಿ ಯಹೂದಿ ಮೂಲದವರೆಂಬ ಕಾರಣಕ್ಕೆ ನಾಜಿ ಆಡಳಿತ ಅವರನ್ನು ‘ಕಾಲುಭಾಗ ಯಹೂದಿ’ ಎಂದು ವಿಂಗಡಿಸಿ, 1941ರಲ್ಲಿ ಹುದ್ದೆಯಿಂದ ತೆಗೆಯಲು ಹೊರಟಿತು. ಆ ವೇಳೆಗೆ ನೊಸಿಮಾ ಎಂಬ ರೋಗ ಜರ್ಮನಿಯ ಜೇನುಗಳನ್ನು ಲಕ್ಷಗಟ್ಟಲೆಯಾಗಿ ಕೊಲ್ಲುತ್ತಿತ್ತು, ಆಹಾರ ಬೆಳೆಯ ಪರಾಗಸ್ಪರ್ಶಕ್ಕೆ ಜೇನು ಬೇಕಾಗಿತ್ತು. ಆ ರೋಗದ ಸಂಶೋಧನೆಗೆ ಅವರು ಅಗತ್ಯವೆಂಬ ಕಾರಣಕ್ಕೆ ವಜಾ ಮುಂದಕ್ಕೆ ಹೋಯಿತು, ಅವರು ಉಳಿದರು. ರಷ್ಯಾದ ಯುದ್ಧರಂಗದಲ್ಲಿ ತೀವ್ರವಾಗಿ ಗಾಯಗೊಂಡು ಹಿಂತಿರುಗಿದ್ದ ಮಾರ್ಟಿನ್ ಲಿಂಡಾವರ್ ಎಂಬ ಯುವಕ ಅವರ ಉಪನ್ಯಾಸವೊಂದನ್ನು ಕೇಳಿ ಶಿಷ್ಯನಾದ. ಆಜ್ಞೆಯ ಲೋಕದಿಂದ ಬಂದ ಆ ಯುವಕ, ಜೇನುಗಳು ಆಜ್ಞೆಯಿಲ್ಲದೆ ಹೇಗೆ ತೀರ್ಮಾನಿಸುತ್ತವೆ ಎಂಬುದನ್ನು ಮುಂದೆ ಕಂಡುಕೊಂಡ.

1949ರಲ್ಲಿ ಹಳೆಯ ಗೂಡಿನಿಂದ ಪಾಲಾಗಿ ಹೊರಬಿದ್ದು ಪೊದೆಯೊಂದರಲ್ಲಿ ತೂಗಿದ್ದ ಹಿಂಡಿನ ಮೇಲೆ ಕೆಲವು ನೊಣಗಳು ಕುಣಿಯುತ್ತಿದ್ದುದನ್ನು ಲಿಂಡಾವರ್ ಕಂಡರು. ಅವುಗಳ ಮೈಯಲ್ಲಿ ಹೂವಿನ ಪರಾಗವಿರಲಿಲ್ಲ, ಮಸಿಯೂ ಇಟ್ಟಿಗೆಯ ಪುಡಿಯೂ ಮೆತ್ತಿಕೊಂಡಿತ್ತು. ಬಾಂಬು ಬಿದ್ದು ಹಾಳಾದ ಮ್ಯೂನಿಕ್ ನಗರದ ಹೊಗೆಗೂಡುಗಳಲ್ಲಿಯೂ ಮುರಿದ ಗೋಡೆಗಳಲ್ಲಿಯೂ ಹೊಸ ಮನೆ ಹುಡುಕಿ ಬಂದ ನೊಣಗಳು ಅವು. ಒಂದೊಂದು ಒಂದೊಂದು ಜಾಗವನ್ನು ಹೊಗಳಿ ಕುಣಿಯುತ್ತಿತ್ತು, ಗಂಟೆಗಳು, ಕೆಲವೊಮ್ಮೆ ದಿನಗಳು ಕಳೆದ ಮೇಲೆ ಎಲ್ಲವೂ ಒಂದೇ ಜಾಗವನ್ನು ಹೊಗಳತೊಡಗುತ್ತಿದ್ದವು.

ಈ ಒಮ್ಮತ ಹೇಗೆ ಹುಟ್ಟುತ್ತದೆ ಎಂಬುದನ್ನು ಸೀಲಿ ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ಒಂದು ನೊಣ ಇನ್ನೊಂದರ ಕುಣಿತವನ್ನು ನೋಡಿ ದಿಕ್ಕು, ದೂರ ತಿಳಿಯುತ್ತದೆ, ಆದರೆ ಅಷ್ಟಕ್ಕೇ ಅದನ್ನು ನಂಬಿ ತಾನೂ ಕುಣಿಯತೊಡಗುವುದಿಲ್ಲ. ತಾನೇ ಹಾರಿಹೋಗಿ, ಆ ಪೊಟರೆಯೊಳಗೆ ಕತ್ತಲಲ್ಲಿ ನಡೆದಾಡಿ, ವಿಸ್ತಾರ ಸಾಕೇ, ಬಾಗಿಲು ಹೇಗಿದೆ ಎಂದು ಅಳೆದು ಬರುತ್ತದೆ. ಹಿಡಿಸದಿದ್ದರೆ ಸುಮ್ಮನಿರುತ್ತದೆ, ಹಿಡಿಸಿದರೆ ಎಷ್ಟು ಹಿಡಿಸಿತೋ ಅಷ್ಟು ಹೊತ್ತು ಕುಣಿಯುತ್ತದೆ. ಮತ್ತೊಂದು ಸೊಗಸಾದ ಏರ್ಪಾಡೂ ಅಲ್ಲಿದೆ: ಎಷ್ಟೇ ಒಳ್ಳೆಯ ಜಾಗವಾಗಿದ್ದರೂ ಪ್ರತಿ ಸಲ ಹೋಗಿ ಬಂದಾಗ ಅದೇ ನೊಣದ ಕುಣಿತ ಕಡಿಮೆಯಾಗುತ್ತ ಬಂದು, ಕೊನೆಗೆ ಅದು ನಿಂತುಹೋಗುತ್ತದೆ. ಹಟ ಹಿಡಿದ ಮುಂದಾಳು ಅಲ್ಲಿ ಇರಲು ಸಾಧ್ಯವಿಲ್ಲ. ಅಮೆರಿಕದ, ಮರಗಳೇ ವಿರಳವಾದ ಆಪಲ್‌ಡೋರ್ ದ್ವೀಪದಲ್ಲಿ ಸೀಲಿ ಐದೈದು ಪೆಟ್ಟಿಗೆಗಳನ್ನು ಇಟ್ಟು, ಅವುಗಳಲ್ಲಿ ಒಂದನ್ನು ಮಾತ್ರ ಜೇನಿಗೆ ತಕ್ಕ ಅಳತೆಯದಾಗಿ ಮಾಡಿ ಪರೀಕ್ಷಿಸಿದಾಗ, ಹಿಂಡುಗಳು 5 ಸಲದಲ್ಲಿ 4 ಸಲ ಆ ಒಳ್ಳೆಯ ಪೆಟ್ಟಿಗೆಯನ್ನೇ ಆರಿಸಿಕೊಂಡವು.

ಇದನ್ನು ಓದುವಾಗ ನನಗೆ ನಮ್ಮ ಮನೆತನದ ಮೂಲಮನೆಯಾದ ಐನ್‌ಮನೆಯ ಕೈಸಾಲೆಯಲ್ಲಿ ನಡೆದ ಒಂದು ಸಭೆ ನೆನಪಾಗುತ್ತದೆ. ಒಕ್ಕದ, ಅಂದರೆ ಮನೆತನದ, ಹೆಸರಿನಲ್ಲಿರುವ ತೋಟದ ಹಲಸು, ಅತ್ತಿ, ನಂದಿ ಮರಗಳ ನೆರಳನ್ನು ತೆಗೆಸಿ, ನೇರವಾಗಿ ಬೆಳೆಯುವ, ಕರಿಮೆಣಸಿನ ಬಳ್ಳಿ ಹಬ್ಬಿಸಲೂ ಮಾರಲೂ ಸುಲಭವಾದ ಸಿಲ್ವರ್ ಓಕ್ ನೆಡಬೇಕೇ ಎಂಬುದು ಪ್ರಶ್ನೆ. ಹದಿನಾಲ್ಕು ಜನ ಇದ್ದೆವು. ಹಿರಿಯರು ನೆಡೋಣ ಎಂದರು, ಕೈಗಳು ಒಂದೊಂದಾಗಿ ಮೇಲೆದ್ದವು. ನನ್ನ ಮನಸ್ಸು ಬೇಡವೆನ್ನುತ್ತಿತ್ತು. ಒಂಬತ್ತನೆಯದಾಗಿ ನನ್ನ ಕೈಯೂ ಎದ್ದಿತು. ಮನೆಗೆ ಬರುವ ದಾರಿಯಲ್ಲಿ ನನ್ನ ಚಿಕ್ಕಮ್ಮ, ಆ ಅತ್ತಿಮರವನ್ನು ಕಡಿಯಲು ಒಪ್ಪಬಾರದಿತ್ತು ಎಂದರು. ಅವರೂ ಕೈ ಎತ್ತಿದ್ದರು.

ಇದಕ್ಕೆ ಹಿರಿಯರ ದರ್ಪ ಕಾರಣವಲ್ಲ, ಅವರು ಯಾರನ್ನೂ ಗದರಿಸಿರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಸೋಲೊಮನ್ ಆಶ್ 1950ರ ದಶಕದಲ್ಲಿ ನಡೆಸಿದ ಪ್ರಯೋಗದಲ್ಲಿ ಹಿರಿಯರೂ ಇರಲಿಲ್ಲ, ಬೆದರಿಕೆಯೂ ಇರಲಿಲ್ಲ, ಇದ್ದದ್ದು ಮೂರು ಗೆರೆಗಳು. ಕೊಟ್ಟ ಗೆರೆಯಷ್ಟೇ ಉದ್ದದ ಗೆರೆ ಆ ಮೂರರಲ್ಲಿ ಯಾವುದು ಎಂದು ಕೇಳಿದರೆ ಒಬ್ಬಂಟಿಯಾಗಿ ಉತ್ತರಿಸುವವರು ನೂರಕ್ಕೆ ಒಂದು ಸಲವೂ ತಪ್ಪುತ್ತಿರಲಿಲ್ಲ. ಆದರೆ ಒಬ್ಬನನ್ನು ಬಿಟ್ಟು ಗುಂಪಿನ ಉಳಿದವರೆಲ್ಲರೂ ಆಶ್ ಅವರೊಂದಿಗೆ ಮೊದಲೇ ಮಾತಾಡಿಕೊಂಡು, ಬೇಕೆಂದೇ ಒಂದೇ ತಪ್ಪು ಉತ್ತರವನ್ನು ಗಟ್ಟಿಯಾಗಿ ಹೇಳಿದಾಗ, ಏನೂ ಅರಿಯದ ಆ ಒಬ್ಬನ ಉತ್ತರಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗುಂಪಿನಂತೆಯೇ ತಪ್ಪಾದವು. ಹೀಗೆ ಕುಳಿತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ಕಣ್ಣಿಗೆ ಕಂಡದ್ದನ್ನು ಬಿಟ್ಟು ಕಿವಿಗೆ ಕೇಳಿದ್ದನ್ನು ಹೇಳಿದರು. ಉಳಿದ ಕಾಲುಪಾಲು ಒಮ್ಮೆಯೂ ಬಾಗಲಿಲ್ಲ.

ಆಶ್ ಇದನ್ನು ಬಗೆಬಗೆಯಾಗಿ ಬದಲಿಸಿ ನೋಡಿದ್ದೇ ಈ ಪ್ರಯೋಗದ ಅತ್ಯಂತ ಬೆಲೆಯುಳ್ಳ ಭಾಗ ಎಂದು ನಾನು ತಿಳಿಯುತ್ತೇನೆ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೂ ಬಾಗುವಿಕೆ ಕಾಲುಭಾಗಕ್ಕೆ ಇಳಿಯಿತು. ಆ ಒಬ್ಬ ಗುಂಪಿಗಿಂತ ಬೇರೆಯಾದ ಇನ್ನೊಂದು ತಪ್ಪು ಉತ್ತರ ಹೇಳಿದರೂ ಅದು ಇಳಿಯಿತು! ಅಂದರೆ ಮನುಷ್ಯನನ್ನು ಕಟ್ಟಿಹಾಕುವುದರಲ್ಲಿ ಗುಂಪಿನ ಗಾತ್ರಕ್ಕಿಂತ ಅದರ ಬಿರುಕಿಲ್ಲದ ಒಂದೇ ದನಿಗೆ ಹೆಚ್ಚಿನ ಪಾಲಿದೆ. ಉತ್ತರವನ್ನು ಗಟ್ಟಿಯಾಗಿ ಹೇಳುವ ಬದಲು ಚೀಟಿಯಲ್ಲಿ ಗುಟ್ಟಾಗಿ ಬರೆಯಲು ಬಿಟ್ಟಾಗಲೂ ಬಹುಮಂದಿ ತಮ್ಮ ಕಣ್ಣನ್ನೇ ನಂಬಿದರು.

ಆ ಬಿರುಕನ್ನು ಮುಚ್ಚುವುದಕ್ಕೇ ಒಂದು ರಾಜ್ಯಶಕ್ತಿ ಟೊಂಕ ಕಟ್ಟಿ ನಿಂತದ್ದೂ ಉಂಟು. ಸೋವಿಯತ್ ಒಕ್ಕೂಟದಲ್ಲಿ ಟ್ರೋಫಿಮ್ ಲೈಸೆಂಕೊ ಎಂಬ ಕೃಷಿವಿಜ್ಞಾನಿ, ಒಂದೇ ಜಾತಿಯ ಜೀವಿಗಳ ನಡುವೆ ಪೈಪೋಟಿಯೇ ಇಲ್ಲ, ಬಡಕಲು ಸಸಿ ತನ್ನ ಜಾತಿಯ ಒಳಿತಿಗಾಗಿ ತಾನೇ ಸಾಯುತ್ತದೆ ಎಂದು ಸಾರಿದ. ಆ ನಂಬಿಕೆಯ ಮೇಲೆ ಹುಲ್ಲುಗಾವಲಿನ ನಾಡಿನಲ್ಲಿ ಓಕ್ ಬೀಜಗಳನ್ನು ಗುಂಪುಗುಂಪಾಗಿ, ಒತ್ತೊತ್ತಾಗಿ ಊರಿಸಲಾಯಿತು. ಕಾಫಿ ಗಿಡಗಳ ನಡುವೆ ಎಷ್ಟು ಅಂತರ ಬೇಕೆಂದು ಬಲ್ಲ ಕೊಡಗಿನ ಯಾವ ಕೆಲಸಗಾರರನ್ನು ಕೇಳಿದರೂ ಮುಂದೇನಾಯಿತೆಂದು ಹೇಳುತ್ತಾರೆ: ಬಹುಪಾಲು ಸಸಿಗಳು ಸತ್ತವು. ಲೈಸೆಂಕೊನನ್ನು ವಿರೋಧಿಸಿದ್ದ, ಲೋಕದ ಬೆಳೆಗಳ ವೈವಿಧ್ಯವನ್ನು ಬೀಜಬೀಜವಾಗಿ ಕೂಡಿಟ್ಟಿದ್ದ ನಿಕೊಲಾಯ್ ವಾವಿಲೋವ್ 1940ರಲ್ಲಿ ಬಂಧನಕ್ಕೆ ಒಳಗಾಗಿ, 1943ರಲ್ಲಿ ಸರಾತೋವ್‌ನ ಸೆರೆಮನೆಯಲ್ಲಿ ತೀರಿಹೋಗಿದ್ದರು. 1948ರ ಆಗಸ್ಟ್‌ನಲ್ಲಿ ಕೃಷಿ ವಿಜ್ಞಾನ ಅಕಾಡೆಮಿಯ ಅಧಿವೇಶನದ ಕೊನೆಯ ದಿನ, ತಳಿವಿಜ್ಞಾನವನ್ನೇ ತಳ್ಳಿಹಾಕಿದ ತನ್ನ ವರದಿಗೆ ಪಕ್ಷದ ಕೇಂದ್ರ ಸಮಿತಿಯ ಒಪ್ಪಿಗೆ ಸಿಕ್ಕಿದೆ ಎಂದು ಲೈಸೆಂಕೊ ಘೋಷಿಸಿದ ಮೇಲೆ, ಅದುವರೆಗೆ ವಿರೋಧಿಸುತ್ತಿದ್ದ ಕೆಲವು ವಿಜ್ಞಾನಿಗಳು ಅದೇ ವೇದಿಕೆಗೆ ಬಂದು ತಾವು ತಪ್ಪಿದ್ದೆವೆಂದು ಒಪ್ಪಿಕೊಂಡರು. ಅವರನ್ನು ಹಳಿಯಲು ನನಗೆ ಮನಸ್ಸು ಬರುವುದಿಲ್ಲ, ಮೂರು ಗೆರೆಗಳ ಮುಂದೆಯೇ ಬಾಗುವವರು ನಾವು, ಅವರ ಮುಂದೆ ಇದ್ದದ್ದು ಸೆರೆಮನೆ. ಆದರೂ ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡಿದ್ದ ತಳಿವಿಜ್ಞಾನಿ ಯೋಸಿಫ್ ರಾಪೊಪೋರ್ಟ್ ತಪ್ಪೊಪ್ಪಿಗೆ ಬರೆದುಕೊಡಲಿಲ್ಲ. ಅವರನ್ನು ಪಕ್ಷದಿಂದ ಹೊರಹಾಕಲಾಯಿತು, ಕೆಲಸವೂ ಹೋಯಿತು. ತಳಿವಿಜ್ಞಾನ ಆ ದೇಶದಲ್ಲಿ ಪೂರ್ತಿಯಾಗಿ ತಲೆಯೆತ್ತಲು 1960ರ ದಶಕದ ನಡುವಿನವರೆಗೆ ಕಾಯಬೇಕಾಯಿತು.

ನಮ್ಮ ತೋಟದ ಮರಗಳನ್ನು ಕಡಿಯಲು ಆಳುಗಳು ಸಿಗುವುದು ತಡವಾದ್ದರಿಂದ ಕೈಲ್ ಮುಹೂರ್ತದ ಹಬ್ಬದ ಹೊತ್ತಿಗೆ ಮಾತು ಮತ್ತೊಮ್ಮೆ ಐನ್‌ಮನೆಗೆ ಬಂತು. ಈ ಸಲ ಎಲ್ಲರೂ ತೋಟಕ್ಕೆ ಹೋಗಿ ಮರಗಳನ್ನು ಒಂದು ಸುತ್ತು ನೋಡಿಬರೋಣ, ಆಮೇಲೆ ಹೆಸರಿಲ್ಲದ ಚೀಟಿಯಲ್ಲಿ ಬರೆಯೋಣ ಎಂದು ನಾನು ಕೇಳಿಕೊಂಡೆ, ಹಿರಿಯರು ಯಾವ ಬೇಸರವೂ ಇಲ್ಲದೆ ಒಪ್ಪಿದರು. ತಾಮ್ರದ ಚೊಂಬಿನಲ್ಲಿ ಹದಿನಾಲ್ಕು ಚೀಟಿಗಳು ಬಿದ್ದವು. ಏಳು ಚೀಟಿಗಳಲ್ಲಿ ಕಡಿಯೋಣ ಎಂದಿತ್ತು, ಆರರಲ್ಲಿ ಬೇಡ ಎಂದಿತ್ತು. ಉಳಿದ ಒಂದರಲ್ಲಿ, ಹಲಸನ್ನು ಬೇಕಾದರೆ ತೆಗೆಯಿರಿ, ಜೇನುಪೆಟ್ಟಿಗೆಯ ಮೇಲಿನ ಅತ್ತಿಯನ್ನು ಮುಟ್ಟಬೇಡಿ ಎಂದು ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು. ಚೀಟಿಗಳನ್ನೆಲ್ಲ ಒಮ್ಮೆ ಗಟ್ಟಿಯಾಗಿ ಓದಿ, ಪುತ್ತರಿ ಹಬ್ಬ ಕಳೆಯಲಿ, ಮತ್ತೆ ಕೂರೋಣ ಎಂದು ಹಿರಿಯರು ಚೊಂಬನ್ನು ಒಳಗಿಟ್ಟರು.